ಒತ್ತಿ ನೋಡುವುದನ್ನು ನಾನು ಹೇಳಿಕೊಡಲಿಲ್ಲ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ನೋಡಲು ಬಂದಾಗ ಮೊದಲು ಕೇಳುವುದು ಯಂತ್ರದ ವಿಷಯ. ಯಾವ ಗುಂಡಿ ಯಾವುದಕ್ಕೆ, ಯಾವ ಪುಸ್ತಕ ಓದಬೇಕು, ಪರೀಕ್ಷೆಯಲ್ಲಿ ಏನು ಕೇಳುತ್ತಾರೆ. ಅದನ್ನೆಲ್ಲ ತಿಳಿದಷ್ಟು ಹೇಳುತ್ತೇನೆ. ಆದರೆ ಕತ್ತಲೆ ಮಾಡಿದ ಒಂದು ಸಣ್ಣ ಕೋಣೆಯಲ್ಲಿ ಇನ್ನೊಬ್ಬಳ ಜೊತೆ ದಿನವಿಡೀ ಕುಳಿತು, ಅವಳ ಕೈ ತನ್ನ ಕೈಗಿಂತ ಚೆನ್ನಾಗಿ ಓಡುವುದನ್ನು ವರ್ಷಗಟ್ಟಲೆ ನೋಡುತ್ತಿದ್ದರೆ ಮನುಷ್ಯರಿಗೆ ಏನಾಗುತ್ತದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿದ್ದರೂ ಬರೆದಿಡುತ್ತಿದ್ದೇನೆ.

ನಾನು ಹೊಳೆನರಸೀಪುರದ ಮೇಷ್ಟರೊಬ್ಬರ ಮಗಳು, ನಾಗರತ್ನ. ಮನೆಯಲ್ಲಿ ಓದು, ಸಂಗೀತ ಎರಡೂ ಇದ್ದವು. ಎಕ್ಸ್-ರೇ ಟೆಕ್ನಿಶಿಯನ್ ಡಿಪ್ಲೊಮಾವನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹಾಸನದ ಒಂದು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಡಾಕ್ಟರ್ ರುದ್ರಪ್ಪ. ಒರಟು ಮಾತು, ಒಳ್ಳೆಯ ಕಣ್ಣು. ಆಗ ಅಲ್ಟ್ರಾಸೌಂಡ್ ಯಂತ್ರವೆಂದರೆ ಗೋದ್ರೇಜ್ ಬೀರುವಿನಷ್ಟು ಇರುತ್ತಿತ್ತು. ಪರದೆ ಮಾತ್ರ ಅಂಗೈಯಗಲ. ಅದರಲ್ಲಿ ಕಾಣುತ್ತಿದ್ದದ್ದು ಬೂದುಬಣ್ಣದ ಮಸುಕು. ಅದರಲ್ಲಿ ಯಾವುದು ಪಿತ್ತಜನಕಾಂಗ, ಯಾವುದು ಮೂತ್ರಪಿಂಡ ಎಂದು ಗುರುತು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ಮೂರೇ ವಾರದಲ್ಲಿ ಬಂತಲ್ಲ ಎಂದು ಹೆಮ್ಮೆಪಟ್ಟುಕೊಂಡಿದ್ದೆ.

ಆ ಹೆಮ್ಮೆ ಒಂದು ಮಧ್ಯಾಹ್ನ ಮುಗಿಯಿತು. ಸೆಂಟರಿನಲ್ಲಿ ಚಿಕ್ಕತಾಯಿ ಎಂಬ ಸಹಾಯಕಿ ಇದ್ದಳು. ದಂಡಿಗನಹಳ್ಳಿ ಕಡೆಯ ಬೇಸಾಯದ ಮನೆಯವಳು, ಮೆಟಡೋರ್ ಓಡಿಸುವವನನ್ನು ಮದುವೆಯಾಗಿ ಹಾಸನಕ್ಕೆ ಬಂದವಳು. ನನ್ನದೇ ವಯಸ್ಸು, ನನಗಿಂತ ದಪ್ಪ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿಕೊಂಡಿದ್ದಳು. ರೋಗಿಗಳ ಹೆಸರು ಕೂಗುವುದು, ಹೊಟ್ಟೆಗೆ ಹಚ್ಚಿದ ಜೆಲ್ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು ಅವಳ ಕೆಲಸ. ಊಟದ ಹೊತ್ತಿನಲ್ಲಿ ರೋಗಿಗಳಿಲ್ಲದಾಗ ಅವಳನ್ನು ಮಲಗಿಸಿ ನಾನು ಅಭ್ಯಾಸ ಮಾಡುತ್ತಿದ್ದೆ. ಆ ದಿನ ಅವಳು ಎದ್ದು ಕುಳಿತು, ತಾನೂ ಒಂದು ಸಲ ಹಿಡಿದು ನೋಡಲೇ ಎಂದು ಡಾಕ್ಟರನ್ನು ಕೇಳಿದಳು. ಅವರಿಗೆ ತಮಾಷೆ ಎನಿಸಿತು, ಮೈಮೇಲೆ ಇಟ್ಟು ನೋಡುವ ಪ್ರೋಬನ್ನು ಅವಳ ಕೈಗೆ ಕೊಟ್ಟರು. ನಾನು ಮಲಗಿದೆ. ಅವಳು ನನ್ನ ಪಕ್ಕೆಲುಬಿನ ಕೆಳಗೆ ಇಟ್ಟು, ಸ್ವಲ್ಪ ಓರೆ ಮಾಡಿ, ನನಗೆ ಉಸಿರೆಳೆದು ಹಿಡಿಯಲು ಹೇಳಿದಳು. ಪರದೆಯ ನಡುವೆ ಮೂತ್ರಪಿಂಡ ಪುಸ್ತಕದ ಚಿತ್ರದ ಹಾಗೆ ಬಂದು ನಿಂತಿತು. ಒಂದು ನಿಮಿಷವೂ ಆಗಿರಲಿಲ್ಲ.

ಡಾಕ್ಟರು ನಗುವುದನ್ನು ನಿಲ್ಲಿಸಿದರು. ಮಾರನೆಯ ದಿನದಿಂದ ಅವಳಿಗೂ ತರಬೇತಿ ಶುರುವಾಯಿತು.

ಆಗಿನ ಪದ್ಧತಿಯನ್ನು ಹೇಳಬೇಕು. ನಾವು ಮೊದಲು ನೋಡಿ, ಅಳತೆ ತೆಗೆದು, ಚಿತ್ರ ಹಿಡಿದಿಡುತ್ತಿದ್ದೆವು. ಡಾಕ್ಟರು ಬಂದು ಮತ್ತೆ ನೋಡಿ ವರದಿಗೆ ಸಹಿ ಹಾಕುತ್ತಿದ್ದರು. ಚಿಕ್ಕತಾಯಿಗೆ ವರದಿ ಬರೆಯುವಷ್ಟು ಇಂಗ್ಲಿಷ್ ಬಾರದು. ಆದ್ದರಿಂದ ಅವಳು ಕಂಡದ್ದನ್ನು ಕನ್ನಡದಲ್ಲಿ ಹೇಳಬೇಕು, ನಾನು ಅದನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಫಸ್ಟ್ ಕ್ಲಾಸ್ ಡಿಪ್ಲೊಮಾ ಪಡೆದವಳು ಜೆಲ್ ಒರೆಸುವವಳಿಗೆ ಗುಮಾಸ್ತೆಯಾದೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ನಾನು ಅವಳನ್ನು ನೀನು ಎನ್ನುತ್ತಿದ್ದೆ, ಅವಳು ನನ್ನನ್ನು ನೀವು ಎನ್ನುತ್ತಿದ್ದಳು. ಅದೊಂದನ್ನು ಭದ್ರವಾಗಿ ಹಿಡಿದುಕೊಂಡಿದ್ದೆ.

ಒಮ್ಮೆ ಕೊರವಂಗಲದಿಂದ ವಯಸ್ಸಾದ ಗಂಡಸೊಬ್ಬರು ಹೊಟ್ಟೆನೋವೆಂದು ಬಂದರು. ಕಿಬ್ಬೊಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ನೀರುಗುಳ್ಳೆ ನನಗೆ ಕಂಡಿತು. ನನಗೆ ಸಿಕ್ಕಿದ ಮೊದಲ ದೊಡ್ಡ ಕೇಸು. ನಾಲ್ಕು ಕಡೆಯಿಂದ ಅಳತೆ ತೆಗೆದು, ಡಾಕ್ಟರನ್ನು ಕರೆಯಲು ಎದ್ದೆ. ಚಿಕ್ಕತಾಯಿ ನನ್ನ ಕಿವಿಯ ಹತ್ತಿರ ಬಂದು, ಯಜಮಾನರನ್ನು ಒಂದು ಸಲ ಬಚ್ಚಲಿಗೆ ಕಳಿಸಿ ಆಮೇಲೆ ನೋಡಿ ಎಂದಳು. ಅವರು ಹೋಗಿ ಬಂದ ಮೇಲೆ ಆ ಗುಳ್ಳೆ ಇರಲಿಲ್ಲ. ತುಂಬಿದ ಮೂತ್ರಕೋಶವನ್ನು ನಾನು ಗುಳ್ಳೆ ಎಂದು ಅಳೆದಿದ್ದೆ. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನಗೆ ಅವಳ ಮೇಲೆ ಕೋಪ ಮಾಡಿಕೊಳ್ಳಲು ಒಂದು ಕಾರಣವಾದರೂ ಸಿಗುತ್ತಿತ್ತು.

ಅದಕ್ಕಿಂತ ಹೆಚ್ಚಿನ ಅವಮಾನ ಮುಂದಿನ ವರ್ಷ ಕಾದಿತ್ತು. ಎಂದಿನ ಹಾಗೆ ಮಧ್ಯಾಹ್ನ ನನ್ನನ್ನು ಮಲಗಿಸಿ ನೋಡುತ್ತಿದ್ದ ಚಿಕ್ಕತಾಯಿ, ಪಿತ್ತಕೋಶದಲ್ಲಿ ಒಂದು ಕಲ್ಲಿದೆ ಎಂದಳು. ಅದು ಕರುಳಿನ ಗಾಳಿಯ ನೆರಳು ಎಂದು ನಾನು ವಾದಿಸಿದೆ. ಪುಸ್ತಕ ತೆಗೆದು ಪುಟ ತೋರಿಸಿದೆ. ಅವಳು ಪುಟ ನೋಡಲಿಲ್ಲ, ನನ್ನನ್ನು ಎಡಕ್ಕೆ ಹೊರಳಿಸಿದಳು. ಹೊರಳಿದ ಕೂಡಲೇ ಬಿಳಿಯ ಚುಕ್ಕೆ ಉರುಳಿಕೊಂಡು ಇನ್ನೊಂದು ಬದಿಗೆ ಹೋಯಿತು. ಗಾಳಿ ಹಾಗೆ ಉರುಳುವುದಿಲ್ಲ, ಕಲ್ಲು ಉರುಳುತ್ತದೆ. ಡಾಕ್ಟರು ಬಂದು ನೋಡಿ ಅವಳ ಬೆನ್ನು ತಟ್ಟಿದರು. ನನ್ನ ಹೊಟ್ಟೆಯೊಳಗಿನ ಕಲ್ಲಿನಲ್ಲೂ ಹೆಸರು ಅವಳಿಗೇ ಬಂತು.

"ನಾಗರತ್ನ, ನೀನು ಪುಸ್ತಕದಲ್ಲಿರೋದನ್ನ ಹುಡುಕ್ತೀಯಮ್ಮ. ಅವಳು ಹೊಟ್ಟೇಲಿರೋದನ್ನ ಹುಡುಕ್ತಾಳೆ" ಎಂದರು.

ಆ ಮಾತು ಎಷ್ಟು ದಿನ ಕೊರೆಯಿತೆಂದರೆ, ಕಲ್ಲು ತೆಗೆಸಿಕೊಂಡ ಆಪರೇಷನ್ನಿನ ನೋವು ಅದಕ್ಕಿಂತ ಬೇಗ ಹೋಯಿತು.

ಆಮೇಲೆ ಕಾನೂನು ಬಂತು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ನೋಡಿ ಹೇಳುವುದು ಅಪರಾಧವಾಯಿತು. ಗೋಡೆಯ ಮೇಲೆ ಫಲಕ ಬಂತು, ಪ್ರತಿ ಗರ್ಭಿಣಿಗೂ ಫಾರಂ ತುಂಬುವ ಕೆಲಸ ಬಂತು. ವರ್ಷಗಳು ಕಳೆದಂತೆ ಅದು ಬಿಗಿಯಾಯಿತು. ಬಸುರಿಯರ ಹೊಟ್ಟೆಯನ್ನು ನಾನೇ ನೋಡುತ್ತೇನೆ, ನೀವಿಬ್ಬರೂ ಅದಕ್ಕೆ ಕೈ ಹಾಕಕೂಡದು ಎಂದು ಡಾಕ್ಟರು ನಮಗೆ ಖಡಾಖಂಡಿತವಾಗಿ ಹೇಳಿದರು. ಇನ್ನು ನಮಗೇನು ಕೆಲಸ ಎಂದು ಯೋಚಿಸುವಷ್ಟರಲ್ಲಿ ಬಣ್ಣದ ಡಾಪ್ಲರ್ ಯಂತ್ರ ತರಿಸಿದರು. ಕೈಕಾಲು, ಕುತ್ತಿಗೆಯ ರಕ್ತನಾಳಗಳನ್ನು ನೋಡುವ ಯಂತ್ರ. ರಕ್ತ ಒಂದು ಕಡೆ ಹರಿದರೆ ಕೆಂಪು, ಇನ್ನೊಂದು ಕಡೆ ಹರಿದರೆ ನೀಲಿ. ಮೈಸೂರಿನಲ್ಲಿ ರಕ್ತನಾಳಗಳ ಶಸ್ತ್ರವೈದ್ಯರೊಬ್ಬರು ಮೂರು ತಿಂಗಳು ಒಬ್ಬರಿಗೆ ತರಬೇತಿ ಕೊಡಲು ಒಪ್ಪಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದ್ದರಿಂದ ನನ್ನನ್ನು ಕಳಿಸಿದರು. ಕೈಚಳಕ ನೋಡಿ ಕಳಿಸಿದ್ದರೆ ಯಾರು ಹೋಗುತ್ತಿದ್ದರು ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಮೈಸೂರಿನ ಆ ಮೂರು ತಿಂಗಳು ನನ್ನ ಜೀವನದಲ್ಲಿ ನಾನು ಅತಿ ಸಂತೋಷವಾಗಿದ್ದ ದಿನಗಳು. ಅಲ್ಲಿ ಚಿಕ್ಕತಾಯಿ ಇರಲಿಲ್ಲ. ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವುದು ಅಲ್ಲಿ ಕಲಿತ ಮುಖ್ಯ ವಿದ್ಯೆ. ಹಾಗೆ ಹೆಪ್ಪುಗಟ್ಟಿದ ಗಡ್ಡೆ ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೆ ಅಪಾಯ. ಅಲ್ಲಿನ ಗುರುಗಳು ದಿನವೂ ಹೇಳುತ್ತಿದ್ದರು: ಬಣ್ಣವನ್ನು ನಂಬಬೇಡಿ, ಗಡ್ಡೆಯ ಪಕ್ಕದಲ್ಲಿ ನುಸುಳುವ ರಕ್ತವೂ ಬಣ್ಣ ತೋರಿಸುತ್ತದೆ, ಬಣ್ಣ ತೆಗೆದುಬಿಟ್ಟು, ತೊಡೆಸಂದಿಯಿಂದ ಮೊಣಕಾಲಿನ ಕೆಳಗಿನವರೆಗೆ ಬೆರಳಗಲ ಬೆರಳಗಲಕ್ಕೂ ಪ್ರೋಬಿನಿಂದ ಒತ್ತಿ ನೋಡಿ. ಒಳ್ಳೆಯ ನಾಳವಾದರೆ ಒತ್ತಿದಾಗ ಅಪ್ಪಚ್ಚಿಯಾಗಿ ಕಾಣದಂತಾಗುತ್ತದೆ. ಗಡ್ಡೆ ಇದ್ದರೆ ಆಗುವುದಿಲ್ಲ.

ವಾಪಸು ಬಂದ ಮೇಲೆ ಎಲ್ಲವನ್ನೂ ಚಿಕ್ಕತಾಯಿಗೆ ಹೇಳಿಕೊಡು ಎಂದರು ಡಾಕ್ಟರು. ಹೇಳಿಕೊಡೋಣ ಎಂದೇ ಇದ್ದೆ. ಅಷ್ಟರಲ್ಲಿ ಅರಕಲಗೂಡಿನ ಶಿಬಿರ ಬಂತು.

ಅದು ಸಕ್ಕರೆ ಕಾಯಿಲೆಯವರ, ಬೀಡಿ ಸೇದಿ ಕಾಲು ಕೆಡಿಸಿಕೊಂಡವರ ಶಿಬಿರ. ಅಲ್ಲಿಗೆ ದೊಡ್ಡ ಯಂತ್ರ ಒಯ್ಯಲಿಲ್ಲ. ಪೆನ್ನಿನಂತಹ ಒಂದು ಸಾಧನವನ್ನು ಪಾದದ ಮೇಲಿಟ್ಟು ರಕ್ತ ಹರಿಯುವ ಸದ್ದು ಕೇಳುವುದಷ್ಟೇ. ಕಿವಿಯ ಕೆಲಸವಾದ್ದರಿಂದ ನಾನು ಗೆದ್ದೆ. ಚಿಕ್ಕತಾಯಿಗೆ ಎಲ್ಲವೂ ಒಂದೇ ಬುಸುಗುಟ್ಟುವಿಕೆ. ನನಗೆ ಯಾವ ಸದ್ದು ಪೂರ್ತಿ, ಯಾವುದು ಅರ್ಧಕ್ಕೆ ಸತ್ತದ್ದು ಎಂದು ಕೇಳಿದ ಕೂಡಲೇ ತಿಳಿಯುತ್ತಿತ್ತು. ಹೊಗೆಸೊಪ್ಪು ಬೆಳೆಯುವ ರೈತರೊಬ್ಬರ ಕಾಲ್ಬೆರಳು ಕಪ್ಪಾಗಿತ್ತು. ಎಲ್ಲರೂ ಅವರ ಪಾದದಲ್ಲಿ ಹರಿವೇ ಇಲ್ಲ ಎಂದರು. ನಾನು ಹುಡುಕಿ ಹುಡುಕಿ ಹಿಮ್ಮಡಿಯ ಪಕ್ಕದಲ್ಲಿ ಕ್ಷೀಣವಾದ ಒಂದು ಸದ್ದು ಹಿಡಿದೆ. ಕಾಲು ಉಳಿಯಬಹುದು, ಬೇಗ ಮೈಸೂರಿಗೆ ಕಳಿಸಿ ಎಂದರು ಡಾಕ್ಟರು. ಎಲ್ಲರ ಎದುರು ನನ್ನನ್ನು ಹೊಗಳಿದರು. ಆದರೆ ಆ ರೈತರು ಹೋಗಲಾರೆ ಎಂದು ಹಟ ಹಿಡಿದರು. ಕಾಲು ಕತ್ತರಿಸುತ್ತಾರೆಂಬ ಭಯ. ಚಿಕ್ಕತಾಯಿ ಅವರ ಪಕ್ಕ ಬೆಂಚಿನ ಮೇಲೆ ಕುಳಿತು, ಅವರ ಊರು, ದನ, ಮೊಮ್ಮಕ್ಕಳ ವಿಷಯವೆಲ್ಲ ಮಾತಾಡಿ, ಸಂಜೆಯ ಹೊತ್ತಿಗೆ ಒಪ್ಪಿಸಿದಳು.

ಎರಡು ತಿಂಗಳ ನಂತರ ಅವರು ಊರುಗೋಲು ಹಿಡಿದು ಸೆಂಟರಿಗೆ ಬಂದರು. ಎರಡು ಬೆರಳು ಹೋಗಿದ್ದವು, ಕಾಲು ಉಳಿದಿತ್ತು. ಒಂದು ಚೀಲ ಸೊಗಡವರೆ ತಂದಿದ್ದರು. ನನ್ನ ಮುಂದೆಯೇ ಹಾದುಹೋಗಿ ಅದನ್ನು ಚಿಕ್ಕತಾಯಿಯ ಕಾಲ ಹತ್ತಿರ ಇಳಿಸಿದರು. ನಾನು ಯಾರೆಂದು ಅವರಿಗೆ ನೆನಪಿರಲಿಲ್ಲ. ಚಿಕ್ಕತಾಯಿ ಅರ್ಧ ಅವರೆಕಾಯನ್ನು ನನ್ನ ಬ್ಯಾಗಿಗೆ ತುಂಬಿದಳು. ನಾನು ಅದನ್ನು ಮನೆಗೆ ಒಯ್ಯದೆ ಬಸ್ಸಿನಲ್ಲಿ ಪಕ್ಕ ಕುಳಿತಿದ್ದವರಿಗೆ ಕೊಟ್ಟುಬಿಟ್ಟೆ.

ಮಾರನೆಯ ದಿನ ಅವಳಿಗೆ ಕಾಲಿನ ಒಳನಾಳ ನೋಡುವುದನ್ನು ಹೇಳಿಕೊಡಲು ಕುಳಿತೆ. ನಾಳ ಎಲ್ಲಿ ಸಿಗುತ್ತದೆ ಎಂದು ತೋರಿಸಿದೆ. ಬಣ್ಣ ಹೇಗೆ ಹಾಕುವುದು ತೋರಿಸಿದೆ. ಮೀನಖಂಡ ಹಿಂಡಿದರೆ ಮೇಲೆ ಬಣ್ಣ ಹೇಗೆ ಏರುತ್ತದೆ ತೋರಿಸಿದೆ. ಒತ್ತಿ ನೋಡುವುದನ್ನು ತೋರಿಸಲಿಲ್ಲ. ಮರೆತದ್ದಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಷ್ಟದ ಕೇಸು ಬಂದಾಗ ನನ್ನ ಹತ್ತಿರ ಬರಲಿ, ಒಂದು ವಿದ್ಯೆಗಾದರೂ ನಾನು ಬೇಕಾಗಲಿ ಎಂಬುದಷ್ಟೇ ಮನಸ್ಸಿನಲ್ಲಿದ್ದದ್ದು. ಆ ಹಾಸಿಗೆಯ ಮೇಲೆ ಮಲಗುವವರ ಯೋಚನೆ ನನಗೆ ಬರಲೇ ಇಲ್ಲ. ಓದುವ ಹುಡುಗಿಯರು ಇದನ್ನು ಗಮನಿಸಬೇಕು.

ಕೆಲವು ತಿಂಗಳ ನಂತರ ನಾನು ತಮ್ಮನ ಮದುವೆಗೆಂದು ನಾಲ್ಕು ದಿನ ರಜೆ ಹಾಕಿದೆ. ಆಗ ಬಾಗೂರಿನಿಂದ ಸುನಂದ ಎಂಬ ಬಾಣಂತಿ ಬಂದಳು. ಹೆರಿಗೆಯಾಗಿ ಹನ್ನೆರಡು ದಿನ. ಎಡಗಾಲು ಊದಿತ್ತು. ಚಿಕ್ಕತಾಯಿ ನಾನು ಹೇಳಿಕೊಟ್ಟ ಹಾಗೆಯೇ ನೋಡಿದಳು. ಬಣ್ಣ ಬಂತು, ಹಿಂಡಿದರೆ ಏರಿತು. ಚಿತ್ರಗಳನ್ನು ಡಾಕ್ಟರಿಗೆ ತೋರಿಸಿದಳು. ಅವರಿಗೆ ಅಂದು ಬಸುರಿಯರ ಸಾಲು ಬಾಗಿಲಾಚೆಗೂ ಇತ್ತು. ತಾವು ಒಂದು ಸಲ ಇಟ್ಟು ನೋಡದೆ, ಚಿತ್ರ ನೋಡಿಯೇ ಸಹಿ ಹಾಕಿದರು. ಹೆಪ್ಪುಗಟ್ಟಿಲ್ಲ ಎಂದು ವರದಿ ಹೋಯಿತು. ಮನೆಯಲ್ಲಿ ಸುನಂದಳ ತಾಯಿ ಮಗಳ ಕಾಲಿಗೆ ಬಿಸಿ ಎಣ್ಣೆ ಹಾಕಿ ತಿಕ್ಕಿದರು. ಮೂರನೆಯ ದಿನ ಆ ಹುಡುಗಿ ಉಸಿರು ನಿಂತ ಹಾಗಾಗಿ ಎದೆ ಹಿಡಿದುಕೊಂಡು ಬಿದ್ದಳು. ಹಾಸನದ ಆಸ್ಪತ್ರೆಗೆ ತಂದರು. ಗಡ್ಡೆಯ ಚೂರು ಶ್ವಾಸಕೋಶಕ್ಕೆ ಹೋಗಿತ್ತು.

ನಾನು ರಜೆ ಮುಗಿಸಿ ಬಂದ ಬೆಳಿಗ್ಗೆ ಡಾಕ್ಟರು ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಅಲ್ಲಿ ಕಾಂಪೌಂಡರು, ರಿಸೆಪ್ಷನ್ ಹುಡುಗಿ ಎಲ್ಲರೂ ಇದ್ದರು. ಮೇಜಿನ ಮೇಲೆ ಆ ವರದಿ ಇತ್ತು, ನಾನು ಮೈಸೂರಿನಲ್ಲಿ ಬರೆದುಕೊಂಡಿದ್ದ ನೋಟ್ ಪುಸ್ತಕವೂ ಇತ್ತು. ನನ್ನ ಡ್ರಾಯರಿನಿಂದ ತೆಗೆದಿದ್ದರು. ಒತ್ತಿ ನೋಡಬೇಕೆಂದು ನಾನೇ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಪುಟ ತೆರೆದಿತ್ತು.

"ಇದನ್ನ ನಾಗರತ್ನ ನಿಂಗೆ ಹೇಳ್ಕೊಟ್ಟಿದ್ಲೋ ಇಲ್ವೋ? ಅಷ್ಟು ಹೇಳು ಸಾಕು" ಎಂದರು ಚಿಕ್ಕತಾಯಿಗೆ.

ಅವಳು ಆ ಪುಟದ ಕಡೆ ನೋಡಿದಳು. ಆ ಇಂಗ್ಲಿಷ್ ತಿಳಿಯದಿದ್ದರೂ ಪಕ್ಕದಲ್ಲಿ ನಾನು ಬರೆದಿದ್ದ ಚಿತ್ರ ಅವಳಿಗೆ ಅರ್ಥವಾಗುತ್ತಿತ್ತು. ಆಮೇಲೆ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ. ಕೋಪವಿರಲಿಲ್ಲ. ಒಂದು ಲೆಕ್ಕ ಸರಿಹೋದವರ ಮುಖ ಹೇಗಿರುತ್ತದೋ ಹಾಗಿತ್ತು.

"ಏಳ್ಕೊಟ್ಟಿದ್ರು ಸಾ. ನಾನೇ ಮರ್ತ್‌ಬುಟ್ಟೆ" ಎಂದಳು.

ಡಾಕ್ಟರು ಅವಳನ್ನು ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಜೆಲ್ ಒರೆಸುವ ಕೆಲಸಕ್ಕೇ ವಾಪಸು ಹೋಗು ಎಂದದ್ದು ಅದರಲ್ಲಿ ಮೆದುವಾದದ್ದು. ಬೈದು ಬೈದು ಸುಸ್ತಾದ ಮೇಲೆ ತಲೆ ತಗ್ಗಿಸಿ, ಸಹಿ ತಮ್ಮದು, ತಾವೇ ನೋಡಬೇಕಾಗಿತ್ತು ಎಂದರು. ನಾನು ಏನೂ ಹೇಳದೆ ನಿಂತಿದ್ದೆ. ಬಾಯಿ ತೆರೆಯಲು ನನಗೆ ಸಮಯ ಬೇಕಾದಷ್ಟಿತ್ತು.

ಆ ದಿನ ನನಗಾದದ್ದು ಪಶ್ಚಾತ್ತಾಪ ಎಂದು ಬರೆದರೆ ಚೆನ್ನಾಗಿರುತ್ತದೆ. ಪಶ್ಚಾತ್ತಾಪ ಬಂತು, ಆದರೆ ಆಮೇಲೆ. ಮೊದಲು ಬಂದದ್ದು ಮತ್ತೆ ಅದೇ ಹೊಟ್ಟೆಕಿಚ್ಚು. ಕೈಯಲ್ಲಿ ನನ್ನನ್ನು ಮೀರಿಸಿದವಳು ಈಗ ಗುಣದಲ್ಲೂ ಮೀರಿಸಿದಳಲ್ಲ ಎಂದು. ಅವಳು ನನ್ನ ಮೇಲೆ ಬೆರಳು ತೋರಿಸಿದ್ದರೆ ನಾನು ಎಷ್ಟೋ ನೆಮ್ಮದಿಯಾಗಿರುತ್ತಿದ್ದೆ.

ಮಧ್ಯಾಹ್ನ ನಾನೇ ಅವಳನ್ನು ಕರೆದು, ಹಾಸಿಗೆಯ ಮೇಲೆ ಮಲಗಿ, ಬಣ್ಣ ತೆಗೆದುಬಿಟ್ಟು, ನನ್ನ ಕಾಲಿನ ಮೇಲೇ ಅವಳಿಂದ ಒತ್ತಿಸಿದೆ. ನಾಳ ಮುಚ್ಚಿಕೊಂಡಿತು, ಬಿಟ್ಟರೆ ತೆರೆದುಕೊಂಡಿತು. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಇನ್ನೊಂದು ಸಲ ತೋರಿಸಿ ಎಂದಳು. ಮತ್ತೆ ಇನ್ನೊಂದು ಸಲ. ಆಮೇಲಿನ ವಾರಗಳಲ್ಲಿ ಕುತ್ತಿಗೆಯ ನಾಳ, ಕೈಯ ನಾಳ, ವೇಗದ ಅಳತೆ, ಎಲ್ಲವನ್ನೂ ಕೇಳಿ ಕೇಳಿ ಕಲಿತಳು. ನಾನು ಒಂದಕ್ಕೂ ಇಲ್ಲ ಎನ್ನುವಂತಿರಲಿಲ್ಲ. ಆರು ತಿಂಗಳಲ್ಲಿ ನೋಟ್ ಪುಸ್ತಕದಲ್ಲಿ ಅವಳಿಗೆ ಗೊತ್ತಿಲ್ಲದ್ದು ಏನೂ ಉಳಿಯಲಿಲ್ಲ.

ಸುನಂದ ಬದುಕಿದಳು. ಬಹಳ ದಿನ ಆಸ್ಪತ್ರೆಯಲ್ಲಿದ್ದಳು, ಅಷ್ಟು ದಿನ ಕೂಸು ಅವಳ ಅಕ್ಕನ ಹತ್ತಿರ ಬೆಳೆಯಿತು. ಚಿಕ್ಕತಾಯಿ ಪ್ರತಿ ಸಂಜೆ ಗಂಜಿ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದಳು. ನಾನು ಒಂದು ಸಲ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಹಿಂತಿರುಗಿದೆ. ಮೂರು ತಿಂಗಳ ನಂತರ ಸುನಂದ ಮತ್ತೆ ಕಾಲು ತೋರಿಸಲು ಬಂದಾಗ ನಾನು ಪ್ರೋಬ್ ಹಿಡಿದು ಸಿದ್ಧವಾಗಿದ್ದೆ.

"ಬ್ಯಾಡಿ ಮೇಡಂ, ಆ ದಪ್ಪಕ್ಕನೇ ನೋಡ್ಲಿ" ಎಂದಳು.

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಚಿಕ್ಕತಾಯಿ ತೊಡೆಸಂದಿಯಿಂದ ಕೆಳಗಿನವರೆಗೆ ಒಂದು ಬೆರಳಗಲವೂ ಬಿಡದೆ ಒತ್ತಿ ನೋಡಿದಳು. ಅವಳು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದೆ.

ಅದಾಗಿ ಏಳು ವರ್ಷ ನಾವಿಬ್ಬರೂ ಅದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಬೀರುವಿನಷ್ಟಿದ್ದ ಯಂತ್ರ ಹೋಗಿ ಸಣ್ಣದು ಬಂತು. ಹಾಳೆಯ ಮೇಲಿನ ಚಿತ್ರ ಹೋಗಿ ಸೀಡಿ ಬಂತು. ಚಿಕ್ಕತಾಯಿ ಕಷ್ಟಪಟ್ಟು ಇಂಗ್ಲಿಷ್ ಕಲಿತು ಸರ್ಟಿಫಿಕೇಟ್ ಪರೀಕ್ಷೆಯನ್ನೂ ಕಟ್ಟಿ ಪಾಸಾದಳು. ಇಷ್ಟು ವರ್ಷದಲ್ಲಿ ಆ ಬೆಳಗಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಮನಸ್ಸಿನಲ್ಲಿ ಮಾತ್ರ ಅವಳು ದಿನದಿನಕ್ಕೆ ದೊಡ್ಡವಳಾಗುತ್ತ ಹೋದಳು. ದೊಡ್ಡವರ ಪಕ್ಕದಲ್ಲಿ ದಿನವೂ ಕುಳಿತುಕೊಳ್ಳುವುದು ಸುಖವಲ್ಲ.

ಆಮೇಲೆ ಚನ್ನರಾಯಪಟ್ಟಣದಲ್ಲಿ ಹೊಸ ಸೆಂಟರ್ ತೆರೆದು, ರಕ್ತನಾಳದ ವಿಭಾಗಕ್ಕೆ ಅವಳನ್ನು ಕರೆದರು. ತವರೂರು ಹತ್ತಿರ. ಅವಳು ಒಪ್ಪಿಕೊಂಡಳು. ಕೊನೆಯ ದಿನ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡಲು ನಾನು ಹೋದೆ. ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಕಿಟಕಿಯ ಪಕ್ಕ ಅವಳು ಕುಳಿತಿದ್ದಳು, ಕೆಳಗೆ ನಾನು ನಿಂತಿದ್ದೆ. ಇನ್ನು ಹೇಳದಿದ್ದರೆ ಎಂದಿಗೂ ಹೇಳುವುದಿಲ್ಲ ಎನಿಸಿತು. ಬಾಗೂರಿನ ಹುಡುಗಿಯ ವಿಷಯದಲ್ಲಿ ತಪ್ಪು ನಿನ್ನದಲ್ಲ, ನಾನು ಬೇಕೆಂದೇ ಹೇಳಿಕೊಡಲಿಲ್ಲ, ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಗೊತ್ತು ಬಿಡಕ್ಕ" ಎಂದಳು ಚಿಕ್ಕತಾಯಿ.

ಹಾಗಾದರೆ ಅಂದು ನನ್ನನ್ನು ಏಕೆ ಉಳಿಸಿದೆ ಎಂದು ಕೇಳಿದೆ. ಅವಳು ದೊಡ್ಡ ಮನಸ್ಸಿನ ಮಾತೇನೋ ಆಡುತ್ತಾಳೆ, ಅದನ್ನು ಕೇಳಿ ನಾನು ಇನ್ನಷ್ಟು ಕುಗ್ಗಬೇಕು ಎಂದು ಸಿದ್ಧಳಾಗಿ ನಿಂತಿದ್ದೆ. ಅವಳು ಮಡಿಲಿನಲ್ಲಿದ್ದ ಬ್ಯಾಗನ್ನು ಸರಿಮಾಡಿಕೊಂಡಳು.

"ಆವತ್ತು ನಿಮ್ಮುನ್ನ ಮನೆಗೆ ಕಳ್ಸ್‌ಬುಟ್ಟಿದ್ರೆ ಮಿಕ್ಕಿದ್ದ ನಂಗೆ ಯಾರು ಏಳ್ಕೊಡೋರು ಕಣಕ್ಕ? ಆ ಬುಕ್ಕಲ್ಲಿ ಇನ್ನೂ ಎಷ್ಟೊಂದು ಪುಟ ಇತ್ತು."

ಬಸ್ಸು ಹೊರಟಿತು. ನಾನು ಅಲ್ಲೇ ನಿಂತು ನಕ್ಕೆ, ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಏಳು ವರ್ಷ ನಾನು ಅವಳನ್ನು ದೇವರ ಪಕ್ಕದಲ್ಲಿ ಕೂರಿಸಿದ್ದೆ. ಅವಳೂ ನನ್ನ ಹಾಗೆ ವಿದ್ಯೆಗೆ ಆಸೆಪಟ್ಟ ಹೆಂಗಸು ಎಂದು ತಿಳಿದು ಎದೆಯ ಮೇಲಿನ ಭಾರ ಇಳಿಯಿತು. ಸೆಂಟರಿಗೆ ನಡೆದು ಬರುವಾಗ ಮಾತ್ರ ಇನ್ನೊಂದು ಯೋಚನೆ ಬಂತು. ಆ ಬೆಳಿಗ್ಗೆ, ಎಲ್ಲರೂ ನೋಡುತ್ತಿರುವಾಗ, ನನಗೆ ನನ್ನ ಮಾನ ಉಳಿದರೆ ಸಾಕಾಗಿತ್ತು. ಅವಳು ಆ ಕ್ಷಣದಲ್ಲೂ ಮುಂದಿನ ಪಾಠದ ಬಗ್ಗೆ ಯೋಚಿಸಿದ್ದಳು. ಅಷ್ಟು ಬೇಗ ಅಷ್ಟು ದೂರ ನೋಡಲು ನನಗೆ ಬರುತ್ತಿರಲಿಲ್ಲ. ಇಂದಿಗೂ ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.